ನಿಸ್ತಂತು ವಿದ್ಯೆಯ ಮಹಾಸಾಧಕ ಮಾರ್ಕೋನಿ

ಲೋಕೋಪಕಾರಿಗಳಾದ ಮಹನೀಯರಲ್ಲಿ ಎರಡು ಬಗೆಯವರುಂಟು. ಪ್ರಕೃತಿಯ ಗರ್ಭದಲ್ಲಿ ಅಡಗಿರುವ ತತ್ತ್ವವನ್ನು ತಮ್ಮ ಪ್ರಜ್ಞಾಚಕ್ಷುವಿನಿಂದ ಮೊದಲು ಕಂಡವರು ಒಂದು ಬಗೆ. ಅನ್ಯರು ಕಂಡ ತತ್ತ್ವವನ್ನು ಜನಸಾಮಾನ್ಯರ ಬಾಳಿಗೆ ಒದಗುವಂತೆ ಮಾಡಿದವರು ಇನ್ನೊಂದು ಬಗೆ. ಭಗೀರಥನು ಗಂಗೆಯನ್ನು ಸೃಷ್ಟಿಸಲಿಲ್ಲ. ಆದರೆ ಅವನ ಪ್ರಯತ್ನವಿಲ್ಲದೆ ಅವಳು ಭೂಮಿಗೆ ಇಳಿಯುತ್ತಿರಲಿಲ್ಲ. ನಿಸ್ತಂತು ವಾರ್ತಾವಿದ್ಯೆಗೆ ಅಂತಹ ಭಗೀರಥನಾದವನು ಇಟಲಿ ದೇಶದ ಗುಗ್ಲಿಯೆಲ್ಮೋ ಮಾರ್ಕೋನಿ.

ಇಂದು ಊರೂರಿನಲ್ಲಿಯೂ ಮೊಬೈಲ್ ಗೋಪುರಗಳು ಎದ್ದು ನಿಂತಿವೆ. ಕೈಯಲ್ಲಿರುವ ಫೋನಿನ ಗುಣದೋಷಗಳನ್ನು ಎಲ್ಲರೂ ಬಲ್ಲರು. ಆದರೆ ಆ ಗೋಪುರದ ನೆತ್ತಿಯಲ್ಲಿ ಕಟ್ಟಿರುವ ನೀಳವಾದ ಪೆಟ್ಟಿಗೆಗಳು ಯಾವುವು, ಅವುಗಳ ಆಕಾರ ಹಾಗೇಕೆ, ಒಂದೊಂದೂ ಒಂದೊಂದು ದಿಕ್ಕಿಗೆ ಮುಖಮಾಡಿರುವುದೇಕೆ ಎಂದು ವಿಚಾರಿಸುವವರು ವಿರಳ. ಅವೇ ಆಂಟೆನಾಗಳು, ಹಿಂದಿನವರು ಏರಿಯಲ್ ಎಂದು ಕರೆದದ್ದು ಇವನ್ನೇ. ಯಂತ್ರದೊಳಗಿನ ವಿದ್ಯುತ್ತು ಆಕಾಶಕ್ಕೆ ಹೊರಡುವ ಬಾಗಿಲೂ, ಆಕಾಶದಿಂದ ಬಂದ ತರಂಗವು ಯಂತ್ರವನ್ನು ಸೇರುವ ಬಾಗಿಲೂ ಇದೇ. ಬಾಗಿಲು ಸರಿಯಿಲ್ಲದಿದ್ದರೆ ಒಳಗಿನ ಐಶ್ವರ್ಯವೆಲ್ಲ ವ್ಯರ್ಥ. ಮಾರ್ಕೋನಿಯ ಜೀವನವು ಒಂದರ್ಥದಲ್ಲಿ ಈ ಬಾಗಿಲನ್ನು ಹೇಗೆ ಕಟ್ಟಬೇಕೆಂಬ ಪ್ರಶ್ನೆಯ ಇತಿಹಾಸವೇ ಆಗಿದೆ. ಆಯುಷ್ಯದ ಪೂರ್ವಾರ್ಧದಲ್ಲಿ ಆತನು ಈ ಪ್ರಶ್ನೆಗೆ ಒಂದು ಉತ್ತರವನ್ನು ಕೊಟ್ಟು ಜಗದ್ವಿಖ್ಯಾತನಾದನು. ಉತ್ತರಾರ್ಧದಲ್ಲಿ ಆ ಉತ್ತರವನ್ನು ತಾನೇ ಬಿಟ್ಟುಕೊಟ್ಟನು. ಈ ಎರಡನೆಯ ಸಂಗತಿಯೇ ವಿದ್ಯಾವಂತರು ವಿಶೇಷವಾಗಿ ಮನನ ಮಾಡತಕ್ಕದ್ದು.

ಜನನ ಮತ್ತು ವಿದ್ಯಾಭ್ಯಾಸ

ಮಾರ್ಕೋನಿಯು 1874ನೆಯ ಇಸವಿ ಏಪ್ರಿಲ್ 25ರಂದು ಇಟಲಿಯ ಬೊಲೋನ್ಯಾ ನಗರದಲ್ಲಿ ಜನಿಸಿದನು. ತಂದೆ ಜುಸೆಪ್ಪೆ ಮಾರ್ಕೋನಿ ಜಮೀನುದಾರ. ತಾಯಿ ಆನಿ ಜೇಮ್ಸನ್ ಐರ್ಲೆಂಡಿನ ಹೆಸರಾಂತ ಮನೆತನದವಳು. ನಗರದಿಂದ ಅನತಿದೂರದಲ್ಲಿರುವ ಪೊಂಟೆಕ್ಕಿಯೋ ಎಂಬ ಹಳ್ಳಿಯಲ್ಲಿ ಈ ಕುಟುಂಬಕ್ಕೆ ವಿಲ್ಲಾ ಗ್ರಿಫೋನೆ ಎಂಬ ತೋಟದ ಮನೆಯಿತ್ತು. ಬಾಲಕನ ವ್ಯಾಸಂಗವು ಕ್ರಮಬದ್ಧವಾಗಿ ಸಾಗಲಿಲ್ಲ. ವಿಶ್ವವಿದ್ಯಾನಿಲಯದ ಪದವಿಯನ್ನು ಆತನು ವ್ಯಾಸಂಗದಿಂದ ಪಡೆಯಲೇ ಇಲ್ಲ. ಆದರೆ ಗುರುಕೃಪೆ ಇಲ್ಲದವನೆಂದು ಹೇಳಲಾಗದು. ಲಿವೋರ್ನೋ ಪಟ್ಟಣದಲ್ಲಿ ವಿನ್ಚೆಂಜೋ ರೋಸಾ ಎಂಬ ಉಪಾಧ್ಯಾಯನು ಆತನಿಗೆ ವಿದ್ಯುಚ್ಛಾಸ್ತ್ರವನ್ನು ಪ್ರತ್ಯೇಕವಾಗಿ ಪಾಠ ಹೇಳಿದನು. ಬೊಲೋನ್ಯಾದ ಭೌತವಿಜ್ಞಾನಿ ಆಗುಸ್ಟೋ ರೀಗಿಯು ಈ ತರುಣನಿಗೆ ತನ್ನ ಉಪನ್ಯಾಸಗಳನ್ನು ಕೇಳಲು ಅವಕಾಶವಿತ್ತು ಪುಸ್ತಕ ಭಂಡಾರದ ಬಾಗಿಲನ್ನೂ ತೆರೆದನು. ಮಗನ ಪ್ರಯೋಗಗಳನ್ನು ತಂದೆಯು ಕಾಲಹರಣವೆಂದು ಎಣಿಸಿದಾಗಲೂ ತಾಯಿಯು ಬೆನ್ನಿಗೆ ನಿಂತಳು. ಮನೆಯ ಮೇಲಂತಸ್ತಿನ ಕೋಣೆಗಳು ಆತನ ಪ್ರಯೋಗಶಾಲೆಯಾದುವು.

ವಿದ್ಯುತ್ಕಾಂತ ತರಂಗಗಳಿರಬೇಕೆಂಬುದನ್ನು ಗಣಿತದ ಬಲದಿಂದ ಮೊದಲು ಊಹಿಸಿದವನು ಮ್ಯಾಕ್ಸ್‌ವೆಲ್. ಅವುಗಳನ್ನು ಪ್ರಯೋಗದಿಂದ ಸಿದ್ಧಪಡಿಸಿದವನು ಜರ್ಮನಿಯ ಹೈನ್ರಿಕ್ ಹರ್ಟ್ಸ್. ಎರಡು ಲೋಹದಂಡಗಳ ನಡುವೆ ಕಿರಿದಾದ ತೆರಪನ್ನು ಬಿಟ್ಟು ಅಲ್ಲಿ ವಿದ್ಯುತ್ತಿನ ಕಿಡಿ ಹಾರಿಸಿದಾಗ, ದೂರದಲ್ಲಿಟ್ಟ ಇನ್ನೊಂದು ಲೋಹವಲಯದಲ್ಲಿ ಸಣ್ಣ ಕಿಡಿ ಕಾಣಿಸಿಕೊಂಡಿತು. 1888ರ ವೇಳೆಗೆ ಹರ್ಟ್ಸನು ಈ ತರಂಗಗಳು ಬೆಳಕಿನಂತೆಯೇ ಪ್ರತಿಫಲನ ಹೊಂದುತ್ತವೆಂದು ತೋರಿಸಿದ್ದನು. 1894ರ ಜನವರಿ 1ರಂದು ಹರ್ಟ್ಸನು ಮೂವತ್ತಾರರ ಕಿರಿಯ ವಯಸ್ಸಿನಲ್ಲಿಯೇ ಕಾಲವಶನಾದನು. ಅವನ ಸ್ಮರಣಾರ್ಥವಾಗಿ ರೀಗಿಯು ಬರೆದ ಲೇಖನವನ್ನು ಆ ವರ್ಷದ ಬೇಸಗೆಯಲ್ಲಿ ಇಪ್ಪತ್ತರ ಹರೆಯದ ಮಾರ್ಕೋನಿಯು ಓದಿದನು. ಈ ತರಂಗಗಳಿಂದ ತಂತಿಯ ನೆರವಿಲ್ಲದೆ ವಾರ್ತೆಯನ್ನು ಕಳುಹಬಹುದೆಂಬ ಆಲೋಚನೆ ಆಗ ಆತನಲ್ಲಿ ಮೊಳೆಯಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಯುಕ್ತ. ನಮ್ಮ ತರ್ಕಶಾಸ್ತ್ರವು ಶಬ್ದವನ್ನು ಆಕಾಶದ ಗುಣವೆಂದು ಹೇಳುತ್ತದೆ. ಇದನ್ನು ಹಿಡಿದು ನಿಸ್ತಂತು ವಿದ್ಯೆಯು ನಮ್ಮಲ್ಲಿ ಮೊದಲೇ ಇತ್ತೆಂದು ಸಾಧಿಸಹೊರಡುವುದು ಶಾಸ್ತ್ರಕ್ಕೂ ವಿಜ್ಞಾನಕ್ಕೂ ನ್ಯಾಯವಲ್ಲ. ರೇಡಿಯೋದಲ್ಲಿ ಆಕಾಶಮಾರ್ಗವಾಗಿ ಬರುವುದು ಶಬ್ದವಲ್ಲ, ಬೆಳಕಿನ ವರ್ಗಕ್ಕೆ ಸೇರಿದ ತರಂಗ. ಅದನ್ನು ಶಬ್ದವಾಗಿ ಮಾರ್ಪಡಿಸುವುದು ಗ್ರಾಹಕ ಯಂತ್ರದ ಕೆಲಸ.

ಎತ್ತರಿಸಿದ ತಂತಿಯ ರಹಸ್ಯ

ಮಾರ್ಕೋನಿಯು ಮೊದಲು ಬಳಸಿದ ಉಪಕರಣಗಳಲ್ಲಿ ಆತನ ಸ್ವಂತದ್ದು ಅತ್ಯಲ್ಪ. ಕಿಡಿಯ ಪ್ರೇಷಕವು ಹರ್ಟ್ಸನದು. ತರಂಗವನ್ನು ಗುರುತಿಸುವ ಲೋಹಪುಡಿಯ ಕೊಳವೆ, ಅಂದರೆ ಕೊಹಿರರ್, ಫ್ರಾನ್ಸಿನ ಬ್ರಾನ್ಲಿಯಿಂದಲೂ ಇಂಗ್ಲೆಂಡಿನ ಆಲಿವರ್ ಲಾಡ್ಜ್‌ನಿಂದಲೂ ಬಂದದ್ದು. ಇವುಗಳಿಂದ ಸಂಕೇತವು ಕೋಣೆಯನ್ನು ದಾಟಿತು, ತೋಟವನ್ನು ದಾಟಿತು, ಅಲ್ಲಿಗೇ ನಿಂತಿತು. 1895ರಲ್ಲಿ ಆತನು ಪ್ರೇಷಕದ ಒಂದು ತುದಿಗೆ ಕಟ್ಟಿದ ಲೋಹದ ಹಲಗೆಯನ್ನು ಕಂಬದ ಮೇಲೆ ಎತ್ತರಿಸಿದನು, ಇನ್ನೊಂದು ತುದಿಯನ್ನು ನೆಲದಲ್ಲಿ ಹೂಳಿದನು. ಗ್ರಾಹಕಕ್ಕೂ ಹಾಗೆಯೇ ಮಾಡಿದನು. ಒಡನೆಯೇ ಸಂಕೇತವು ಎರಡು ಕಿಲೋಮೀಟರಿಗೂ ಮಿಕ್ಕಿದ ದೂರವನ್ನು ಮುಟ್ಟಿತು. ಮನೆಯ ಮುಂದಣ ದಿಣ್ಣೆಯ ಆಚೆಯ ಮಗ್ಗುಲಿಗೂ ಅದು ತಲುಪಿತೆಂಬುದನ್ನು ತಿಳಿಸಲು ಅಲ್ಲಿಂದ ಬಂದೂಕು ಹಾರಿಸಿದರೆಂಬ ವೃತ್ತಾಂತವು ಆತನ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ.

ಕಿಡಿ ಅದೇ, ಕೊಹಿರರ್ ಅದೇ. ಬದಲಾದದ್ದು ಏರಿಯಲ್ ಮಾತ್ರ. ಇದರ ಕಾರಣವನ್ನು ವೀಣೆಯ ದೃಷ್ಟಾಂತದಿಂದ ತಿಳಿಯಬಹುದು. ತಂತಿಯನ್ನು ಬರಿದೆ ಎರಡು ಮೊಳೆಗಳ ನಡುವೆ ಬಿಗಿದು ಮೀಟಿದರೆ ನಾದವು ಪಕ್ಕದವನಿಗೂ ಕೇಳಿಸದು. ಅದೇ ತಂತಿಯನ್ನು ಕೊಡವಿರುವ ವೀಣೆಗೆ ಏರಿಸಿದರೆ ಸಭೆಗೆಲ್ಲ ಕೇಳಿಸುತ್ತದೆ. ಮೀಟಿದ ಬಲವು ಒಂದೇ. ಅದನ್ನು ಗಾಳಿಗೆ ಒಪ್ಪಿಸುವ ಸಾಧನವು ಬೇರೆ. ಹಾಗೆಯೇ ತಂತಿಯ ಉದ್ದಕ್ಕೂ ಶ್ರುತಿಗೂ ಇರುವ ಸಂಬಂಧದಂತೆ ಏರಿಯಲ್ಲಿನ ಉದ್ದಕ್ಕೂ ತರಂಗದೂರಕ್ಕೂ ಸಂಬಂಧವಿದೆ. ನೆಟ್ಟಗೆ ನಿಲ್ಲಿಸಿ ಬುಡವನ್ನು ನೆಲಕ್ಕೆ ಸೇರಿಸಿದ ತಂತಿಯು ತರಂಗದೂರದ ಕಾಲು ಭಾಗದಷ್ಟು ಉದ್ದವಿದ್ದರೆ ಸಹಜವಾಗಿ ಸ್ಪಂದಿಸುತ್ತದೆ. ಅದರ ಮಿಕ್ಕ ಅರ್ಧವನ್ನು ಭೂಮಿಯೇ ಕನ್ನಡಿಯಂತೆ ಒದಗಿಸಿಕೊಡುತ್ತದೆ. ಏರಿಯಲ್ ಎತ್ತರವಾದಂತೆ ತರಂಗವೂ ದೀರ್ಘವಾಗುತ್ತದೆ. ದೀರ್ಘ ತರಂಗವು ದಿಣ್ಣೆಗಳನ್ನೂ ಭೂಮಿಯ ಉಬ್ಬನ್ನೂ ಬಳಸಿಕೊಂಡು ಸಾಗಬಲ್ಲದು. ಈ ಶಾಸ್ತ್ರವೆಲ್ಲ ಆಗ ಆ ತರುಣನಿಗೆ ಪೂರ್ಣವಾಗಿ ತಿಳಿದಿರಲಿಲ್ಲ. ಆದರೂ ಏರಿಯಲ್ಲಿನ ಎತ್ತರವನ್ನು ಇಮ್ಮಡಿಗೊಳಿಸಿದರೆ ದೂರವು ನಾಲ್ಮಡಿಯಾಗುತ್ತದೆಂಬ ಒಂದು ಸ್ಥೂಲ ನಿಯಮವನ್ನು ಆತನು ಅನುಭವದಿಂದಲೇ ಕಂಡುಕೊಂಡನು.

ಇಂಗ್ಲೆಂಡಿನಲ್ಲಿ ಮನ್ನಣೆ

1896ರ ಫೆಬ್ರವರಿಯಲ್ಲಿ ಮಾರ್ಕೋನಿಯು ತಾಯಿಯೊಡನೆ ಲಂಡನ್ನಿಗೆ ಬಂದನು. ಜೂನ್ 2ರಂದು ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. ಅಲ್ಲಿಯ ಅಂಚೆ ಇಲಾಖೆಯ ಮುಖ್ಯ ಎಂಜಿನಿಯರ್ ವಿಲಿಯಂ ಪ್ರೀಸ್ ಈ ಅಪರಿಚಿತ ತರುಣನನ್ನು ಆದರದಿಂದ ಬರಮಾಡಿಕೊಂಡು ಪ್ರಯೋಗಗಳಿಗೆ ಅನುಕೂಲ ಕಲ್ಪಿಸಿದನು. ಆ ವರ್ಷದ ಸೆಪ್ಟೆಂಬರಿನಲ್ಲಿ ಸಾಲಿಸ್ಬರಿ ಬಯಲಿನಲ್ಲಿ ನಡೆದ ಪ್ರಯೋಗವನ್ನು ಓದುಗರು ವಿಶೇಷವಾಗಿ ನೆನಪಿನಲ್ಲಿಡಬೇಕು. ಅಲ್ಲಿ ಆತನು ಬಳಸಿದ್ದು ಎತ್ತರದ ತಂತಿಯನ್ನಲ್ಲ. ಹ್ರಸ್ವ ತರಂಗಗಳನ್ನೂ, ಅವುಗಳ ಹಿಂದೆ ಪರವಲಯಾಕಾರದಲ್ಲಿ ಬಾಗಿಸಿದ ಲೋಹದ ಪ್ರತಿಫಲಕವನ್ನೂ. ಬೆಳಕಿನ ದೀಪದ ಹಿಂದೆ ಕನ್ನಡಿಯನ್ನಿಟ್ಟಂತೆ ತರಂಗವೆಲ್ಲ ಒಂದೇ ದಿಕ್ಕಿಗೆ ಹರಿದು ಮೂರು ಕಿಲೋಮೀಟರಿಗೆ ಸಮೀಪದ ದೂರವನ್ನು ಮುಟ್ಟಿತು.

ಮರುವರ್ಷ ಅದೇ ಬಯಲಿನಲ್ಲಿ ಬಲೂನು, ಗಾಳಿಪಟಗಳಿಂದ ತಂತಿಯನ್ನು ಮೇಲೆತ್ತಿದಾಗ ಆ ದೂರವು ಇಮ್ಮಡಿಗೂ ಹೆಚ್ಚಾಯಿತು. 1897ರ ಮೇ ತಿಂಗಳಲ್ಲಿ ಬ್ರಿಸ್ಟಲ್ ಕಡಲ್ಗಾಲುವೆಯ ಮೇಲೆ ಸಂಕೇತವು ದಾಟಿತು. 1899ರ ಮಾರ್ಚ್ 27ರಂದು ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಕಡಲನ್ನೇ ದಾಟಿತು. ಅದೇ ವರ್ಷ ಏಪ್ರಿಲಿನಲ್ಲಿ ಈಸ್ಟ್ ಗುಡ್ವಿನ್ ಎಂಬ ದೀಪದ ನೌಕೆಗೆ ಹಡಗೊಂದು ಡಿಕ್ಕಿ ಹೊಡೆದಾಗ, ಆ ನೌಕೆಯು ನಿಸ್ತಂತು ಮೂಲಕ ದಡಕ್ಕೆ ಸುದ್ದಿ ಕೊಟ್ಟು ನೆರವನ್ನು ಕೋರಿತು. ಫಲವು ಕಣ್ಣೆದುರಿಗಿತ್ತು: ಎತ್ತರದ ತಂತಿಯು ಗೆದ್ದಿತು, ಕನ್ನಡಿಯು ಮೂಲೆಗೆ ಸೇರಿತು. ಇಪ್ಪತ್ತೆರಡರ ಪ್ರಾಯದಲ್ಲಿ ಎರಡು ದಾರಿಗಳೂ ಆತನ ಕೈಯಲ್ಲಿದ್ದುವು. ಒಂದನ್ನು ಹಿಡಿದು ಮತ್ತೊಂದನ್ನು ಇಪ್ಪತ್ತು ವರ್ಷಗಳ ಕಾಲ ಮರೆತನು.

ನಿಲ್ದಾಣಗಳು ಹೆಚ್ಚಿದಂತೆ ಹೊಸದೊಂದು ತೊಡಕು ಬಂದಿತು. ಕಿಡಿಯಿಂದ ಹುಟ್ಟಿದ ತರಂಗವು ಎಲ್ಲ ಗ್ರಾಹಕಗಳಿಗೂ ಒಟ್ಟಿಗೆ ಕೇಳಿಸುತ್ತಿದ್ದುದರಿಂದ, ಹತ್ತು ಜನ ಏಕಕಾಲದಲ್ಲಿ ಕೂಗಾಡುವ ಸಂತೆಯ ಸ್ಥಿತಿ ಉಂಟಾಯಿತು. ಏರಿಯಲ್ಲನ್ನು ಒಂದು ಶ್ರುತಿಗೆ ಸೇರಿಸಿ, ಅದೇ ಶ್ರುತಿಯ ಗ್ರಾಹಕಕ್ಕೆ ಮಾತ್ರ ಕೇಳುವಂತೆ ಮಾಡುವ ವಿಧಾನಕ್ಕೆ 1900ರ ಏಪ್ರಿಲಿನಲ್ಲಿ ಆತನು ಸಲ್ಲಿಸಿದ ಅರ್ಜಿಗೆ 7777 ಸಂಖ್ಯೆಯ ಪೇಟೆಂಟ್ ದೊರೆಯಿತು. ಲಾಡ್ಜ್, ಜರ್ಮನಿಯ ಬ್ರೌನ್ ಮೊದಲಾದವರು ಈ ದಿಕ್ಕಿನಲ್ಲಿ ಮೊದಲೇ ನಡೆದಿದ್ದರು. ಲಾಡ್ಜ್‌ನ ಪೇಟೆಂಟನ್ನು ಮಾರ್ಕೋನಿಯ ಸಂಸ್ಥೆಯು 1911ರಲ್ಲಿ ಹಣಕೊಟ್ಟು ಕೊಳ್ಳಬೇಕಾಯಿತು.

ಸಾಗರೋಲ್ಲಂಘನ

ಅಟ್ಲಾಂಟಿಕ್ ಮಹಾಸಾಗರವನ್ನು ದಾಟಿಸುವ ಸಂಕಲ್ಪವು ಆತನ ಜೀವನದ ಮಹಾಸಾಹಸ. ಇಂಗ್ಲೆಂಡಿನ ಪೋಲ್ಡು ಎಂಬಲ್ಲಿ ಆಂಬ್ರೋಸ್ ಫ್ಲೆಮಿಂಗನು ಬಲವಾದ ಪ್ರೇಷಕವನ್ನು ರಚಿಸಿದನು. ಸುಮಾರು 60 ಮೀಟರು ಎತ್ತರದ 20 ಕಂಬಗಳನ್ನು ವರ್ತುಲಾಕಾರದಲ್ಲಿ ನಿಲ್ಲಿಸಿ ತಂತಿಗಳನ್ನು ಇಳಿಬಿಟ್ಟರು. 1901ರ ಸೆಪ್ಟೆಂಬರ್ 17ರ ಬಿರುಗಾಳಿಗೆ ಅವೆಲ್ಲವೂ ನೆಲಕ್ಕುರುಳಿದುವು. ಅಮೆರಿಕದ ಕೇಪ್ ಕಾಡ್‌ನಲ್ಲಿ ಅದೇ ಮಾದರಿಯಲ್ಲಿ ಕಟ್ಟಿದ್ದ ಏರಿಯಲ್ಲಿಗೂ ಕೆಲವೇ ವಾರಗಳಲ್ಲಿ ಅದೇ ಗತಿಯಾಯಿತು. ಮಾರ್ಕೋನಿಯು ಎದೆಗುಂದಲಿಲ್ಲ. ಪೋಲ್ಡುವಿನಲ್ಲಿ ಎರಡೇ ಕಂಬಗಳ ನಡುವೆ ಬೀಸಣಿಗೆಯಾಕಾರದಲ್ಲಿ ತಂತಿಗಳನ್ನು ಕಟ್ಟಿಸಿ, ತಾನು ಇಬ್ಬರು ಸಹಾಯಕರೊಡನೆ ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್ ಬಂದರಿಗೆ ಹೋದನು. ಅಲ್ಲಿ ಕಂಬವನ್ನು ನೆಡಲು ಸಮಯವಿರಲಿಲ್ಲ. ಚಳಿಗಾಲದ ಬಿರುಗಾಳಿಯಲ್ಲಿ ಗಾಳಿಪಟಕ್ಕೆ ಸುಮಾರು 150 ಮೀಟರು ತಂತಿಯನ್ನು ಕಟ್ಟಿ ಹಾರಿಸಿದರು.

ಗಾಳಿಪಟವು ಏರಿಳಿದಂತೆಲ್ಲ ಏರಿಯಲ್ಲಿನ ಶ್ರುತಿಯೂ ಕ್ಷಣಕ್ಷಣಕ್ಕೆ ಬದಲಾಗುತ್ತಿದ್ದುದರಿಂದ, ಶ್ರುತಿಗೂಡಿಸಿದ ಉತ್ತಮ ಗ್ರಾಹಕವು ನಿಷ್ಪ್ರಯೋಜಕವಾಯಿತು. ಶ್ರುತಿಯಿಲ್ಲದ ಸಾದಾ ಗ್ರಾಹಕಕ್ಕೆ ಪಾದರಸದ ಕೊಹಿರರ್ ಜೋಡಿಸಿ ಟೆಲಿಫೋನಿನ ಕಿವಿಗೊಳವೆಯಿಂದ ಆಲಿಸಬೇಕಾಯಿತು. ಡಿಸೆಂಬರ್ 12ರ ಮಧ್ಯಾಹ್ನ ಎಸ್ ಅಕ್ಷರದ ಸಂಕೇತವಾದ ಮೂರು ಚುಕ್ಕೆಗಳು ಕೇಳಿಸಿದುವೆಂದು ಮಾರ್ಕೋನಿಯೂ ಸಹಾಯಕ ಕೆಂಪ್‌ನೂ ದಾಖಲಿಸಿದರು. ದೂರ ಸುಮಾರು 3,500 ಕಿಲೋಮೀಟರು. ಕೇಳಿದವರು ಇಬ್ಬರೇ ಆದುದರಿಂದ ಅಂದೂ ಸಂಶಯಪಟ್ಟವರಿದ್ದರು, ಇಂದೂ ಇದ್ದಾರೆ. ಮಾರ್ಕೋನಿಯು ವಾದಕ್ಕೆ ನಿಲ್ಲದೆ 1902ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಎಂಬ ಹಡಗಿನಲ್ಲಿ ಕುಳಿತು, ಸಂಕೇತಗಳನ್ನು ಕಾಗದದ ಪಟ್ಟಿಯ ಮೇಲೆ ಮೂಡಿಸಿ ಸಾಕ್ಷಿಗಳ ಎದುರಿನಲ್ಲಿ ಪರೀಕ್ಷೆ ಕೊಟ್ಟನು. ಹಗಲಿನಲ್ಲಿ ಸಾವಿರ ಕಿಲೋಮೀಟರಿನ ಆಸುಪಾಸಿನಲ್ಲಿ ಅಳಿಸಿಹೋದ ಸಂಕೇತವು ಇರುಳಿನಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ತಲುಪುತ್ತದೆಂಬ ಹೊಸ ಸತ್ಯವು ಆ ಯಾನದಲ್ಲಿ ಬೆಳಕಿಗೆ ಬಂದಿತು. ಮೇಲಣ ವಾಯುಮಂಡಲದಲ್ಲಿ ವಿದ್ಯುದಾವಿಷ್ಟವಾದ ಪದರವಿದ್ದು ಅದು ತರಂಗಗಳನ್ನು ಮರಳಿ ಭೂಮಿಗೆ ಬಾಗಿಸುತ್ತದೆಂದು ಕೆನ್ನೆಲಿ, ಹೆವಿಸೈಡ್ ಎಂಬವರು ಅದೇ ವರ್ಷ ಊಹಿಸಿದರು. 1924ರಲ್ಲಿ ಆಪಲ್ಟನ್ ಅದನ್ನು ಪ್ರಯೋಗದಿಂದ ಸ್ಥಾಪಿಸಿದನು.

ಇಲ್ಲಿ ನಮ್ಮ ದೇಶದ ಜಗದೀಶಚಂದ್ರ ಬೋಸರನ್ನು ಸ್ಮರಿಸುವುದು ಕರ್ತವ್ಯ. ಮಾರ್ಕೋನಿ ಬಳಸಿದ ಪಾದರಸದ ಕೊಹಿರರ್ ಬಗೆಯ ಸಾಧನವನ್ನು ಬೋಸರು 1899ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪ್ರಕಟಪಡಿಸಿದ್ದರು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರು 1890ರ ದಶಕದಲ್ಲಿಯೇ ಕೆಲವೇ ಮಿಲಿಮೀಟರು ಉದ್ದದ ತರಂಗಗಳನ್ನು ಹುಟ್ಟಿಸಿ, ಅವುಗಳನ್ನು ಹಿಡಿಯಲು ಆಲಿಕೆಯಾಕಾರದ ಲೋಹದ ಆಂಟೆನಾವನ್ನು ರಚಿಸಿದ್ದರು. ಬೋಸರಿಗೆ ಬೇಕಾಗಿದ್ದುದು ತರಂಗದ ಸ್ವರೂಪಜ್ಞಾನ. ಮಾರ್ಕೋನಿಗೆ ಬೇಕಾಗಿದ್ದುದು ದೂರ. ಇಬ್ಬರೂ ತಾವು ಅರಸಿದ್ದನ್ನು ಪಡೆದರು. ಒಬ್ಬರ ಕೀರ್ತಿಯನ್ನು ಇನ್ನೊಬ್ಬರಿಂದ ಕಳೆಯುವುದು ಬೇಡ.

ಬೃಹತ್ತಿನ ಮೋಹ

ಸಾಗರವನ್ನು ದಾಟಿದ ಬಳಿಕ ಮಾರ್ಕೋನಿಯು ಹಿಡಿದ ದಾರಿ ಒಂದೇ: ಇನ್ನೂ ದೀರ್ಘ ತರಂಗ, ಇನ್ನೂ ದೊಡ್ಡ ಏರಿಯಲ್, ಇನ್ನೂ ಹೆಚ್ಚಿನ ವಿದ್ಯುಚ್ಛಕ್ತಿ. ಐರ್ಲೆಂಡಿನ ಕ್ಲಿಫ್ಡೆನ್ನಿಗೂ ಕೆನಡಾದ ಗ್ಲೇಸ್ ಬೇ ನಿಲ್ದಾಣಕ್ಕೂ 1907ರ ಅಕ್ಟೋಬರಿನಲ್ಲಿ ಸಾರ್ವಜನಿಕ ವಾರ್ತಾಸೇವೆ ಆರಂಭವಾದಾಗ ಅಲ್ಲಿಯ ತರಂಗದೂರವು ಕಿಲೋಮೀಟರುಗಳಲ್ಲಿ ಎಣಿಸುವಷ್ಟಾಗಿತ್ತು. ಇದಕ್ಕೆ ಮೊದಲು, 1905ರಲ್ಲಿ, ನೆಲಕ್ಕೆ ಸಮಾಂತರವಾಗಿ ಉದ್ದಕ್ಕೆ ಎಳೆದ ತಂತಿಯು ತನ್ನ ತೆರೆದ ತುದಿಯಿರುವ ದಿಕ್ಕಿನ ವಿರುದ್ಧ ದಿಕ್ಕಿಗೆ ಹೆಚ್ಚು ಬಲವಾಗಿ ಪ್ರಸಾರ ಮಾಡುತ್ತದೆಂಬುದನ್ನು ಆತನು ಗಮನಿಸಿದ್ದನು. ಕ್ಲಿಫ್ಡೆನ್ ಏರಿಯಲ್ಲಿನಲ್ಲಿ ಅದನ್ನು ಅಳವಡಿಸಿದನು. ದಿಕ್ಕಿನ ಮಹತ್ತ್ವವು ಹೀಗೆ ಮತ್ತೊಮ್ಮೆ ಮಿಂಚಿ ಮರೆಯಾಯಿತು.

1909ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕವು ಮಾರ್ಕೋನಿಗೂ ಬ್ರೌನನಿಗೂ ಒಟ್ಟಿಗೆ ಸಂದಿತು. 1912ರ ಏಪ್ರಿಲಿನಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ, ಅದರ ಕೂವೆಕಂಬಗಳ ನಡುವೆ ಕಟ್ಟಿದ್ದ ತಂತಿಯಿಂದ ಹೊರಟ ಮೊರೆಯನ್ನು ಕೇಳಿ ಧಾವಿಸಿದ ಕಾರ್ಪೇಥಿಯಾ ಹಡಗು 700ಕ್ಕೂ ಹೆಚ್ಚು ಜೀವಗಳನ್ನು ಉಳಿಸಿತು. ಅದಕ್ಕಿಂತ ಸಮೀಪದಲ್ಲಿದ್ದ ಕ್ಯಾಲಿಫೋರ್ನಿಯನ್ ಎಂಬ ಹಡಗಿನಲ್ಲಿಯೂ ನಿಸ್ತಂತು ಯಂತ್ರವಿತ್ತು. ಆದರೆ ಅದನ್ನು ನಡೆಸುವ ಒಬ್ಬನೇ ನೌಕರನು ನಿದ್ರಿಸುತ್ತಿದ್ದನು. ಉತ್ತಮ ಯಂತ್ರವಿದ್ದರೂ ಆಲಿಸುವ ಕಿವಿಯಿಲ್ಲದಿದ್ದರೆ ಫಲವಿಲ್ಲ. ಈ ದುರಂತದ ತರುವಾಯ ಹಡಗುಗಳಲ್ಲಿ ಹಗಲಿರುಳೂ ಆಲಿಸುವ ಕಟ್ಟಳೆಗೆ ರಾಷ್ಟ್ರಗಳು ಒಪ್ಪಿದುವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೋಟಾರು ಅಪಘಾತದಲ್ಲಿ ಮಾರ್ಕೋನಿಯು ಬಲಗಣ್ಣನ್ನು ಕಳೆದುಕೊಂಡನು. ಕೆಲಸವನ್ನು ಮಾತ್ರ ಬಿಡಲಿಲ್ಲ.

ತಿದ್ದಿಕೊಂಡ ದಾರಿ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ನೌಕಾದಳಕ್ಕೆ ಶತ್ರುಗಳಿಗೆ ಕೇಳಿಸದಂತಹ ನಿಸ್ತಂತು ಸಂಪರ್ಕವು ಬೇಕಾಯಿತು. ನಾಲ್ಕು ದಿಕ್ಕಿಗೂ ಹರಡುವ ದೀರ್ಘ ತರಂಗದಿಂದ ಇದು ಆಗದ ಮಾತು. 1916ರಲ್ಲಿ ಮಾರ್ಕೋನಿಯು ಸಹೋದ್ಯೋಗಿ ಚಾರ್ಲ್ಸ್ ಸ್ಯಾಮ್ಯುಅಲ್ ಫ್ರಾಂಕ್ಲಿನ್ನನೊಡನೆ ಎರಡು ಮೂರು ಮೀಟರು ಉದ್ದದ ತರಂಗಗಳನ್ನೂ, ಇಪ್ಪತ್ತು ವರ್ಷಗಳ ಹಿಂದೆ ಬದಿಗಿಟ್ಟಿದ್ದ ಪ್ರತಿಫಲಕವನ್ನೂ ಮರಳಿ ಕೈಗೆತ್ತಿಕೊಂಡನು. ಅಂದು ಹ್ರಸ್ವ ತರಂಗಗಳು ದೂರಕ್ಕೆ ನಿರುಪಯುಕ್ತವೆಂಬುದು ಪಂಡಿತಮತವಾಗಿತ್ತು. 1923ರಲ್ಲಿ ತನ್ನ ಎಲೆಟ್ರಾ ಎಂಬ ವಿಹಾರನೌಕೆಯನ್ನು ತೇಲುವ ಪ್ರಯೋಗಶಾಲೆಯಾಗಿ ಮಾಡಿಕೊಂಡು ಆತನು ಆಫ್ರಿಕದ ಪಶ್ಚಿಮಕ್ಕಿರುವ ಕೇಪ್ ವರ್ಡ್ ದ್ವೀಪಗಳವರೆಗೆ ಸಾಗಿದನು. ಪೋಲ್ಡುವಿನಿಂದ 97 ಮೀಟರು ತರಂಗದಲ್ಲಿ ಹೊರಟ ಸಂಕೇತವು ಅಲ್ಲಿ ಇರುಳಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಪ್ರೇಷಕದ ಶಕ್ತಿಯನ್ನು ಬಹಳವಾಗಿ ತಗ್ಗಿಸಿದಾಗಲೂ ಕೇಳಿಸಿತು. ಮರುವರ್ಷ 32 ಮೀಟರಿನ ತರಂಗಗಳು ಹಗಲಿನಲ್ಲಿಯೂ ಬಹುದೂರ ಹೋಗುತ್ತವೆಂದು ತಿಳಿಯಿತು.

1922ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನ ಎಂಜಿನಿಯರರ ಸಭೆಯಲ್ಲಿ ಮಾರ್ಕೋನಿಯು ಮಾಡಿದ ಉಪನ್ಯಾಸವು ಇಲ್ಲಿ ಉಲ್ಲೇಖಾರ್ಹ. ಹ್ರಸ್ವ ತರಂಗಗಳ ಅಧ್ಯಯನವು ಇಷ್ಟು ವರ್ಷ ಅಲಕ್ಷ್ಯಕ್ಕೆ ಒಳಗಾದದ್ದು ವಿಷಾದಕರವೆಂಬುದನ್ನು ಆತನು ಆ ಸಭೆಯಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಿದನು. ಹಾಗೆ ಅಲಕ್ಷಿಸಿದವರಲ್ಲಿ ಅಗ್ರಗಣ್ಯನು ತಾನೇ. ಕೀರ್ತಿಯೆಲ್ಲ ದೀರ್ಘ ತರಂಗದಿಂದ ಬಂದದ್ದು. ಸಂಸ್ಥೆಯ ಬಂಡವಾಳವೆಲ್ಲ ಆ ಬಗೆಯ ಮಹಾನಿಲ್ದಾಣಗಳಲ್ಲಿ ತೊಡಗಿದ್ದುದು. ವಯಸ್ಸು ಐವತ್ತನ್ನು ಸಮೀಪಿಸಿತ್ತು. ಇಷ್ಟಿದ್ದೂ ಪ್ರಮಾಣವು ಎದುರಿಗೆ ನಿಂತಾಗ ಆತನು ತನ್ನ ಪೂರ್ವಪಕ್ಷವನ್ನು ತಾನೇ ಖಂಡಿಸಿಕೊಂಡನು. ವಾಕ್ಯಾರ್ಥಸಭೆಗಳಲ್ಲಿ ಪರಪಕ್ಷವನ್ನು ಖಂಡಿಸುವ ವಿದ್ವಾಂಸರು ಬಹಳ; ಸ್ವಪಕ್ಷವನ್ನು ಖಂಡಿಸುವ ಧೈರ್ಯವುಳ್ಳವರು ದುರ್ಲಭ.

ಭಾರತಕ್ಕೆ ಬಂದ ಕಿರಣ

ಬ್ರಿಟಿಷ್ ಸಾಮ್ರಾಜ್ಯದ ಭಾಗಗಳನ್ನೆಲ್ಲ ನಿಸ್ತಂತುವಿನಿಂದ ಜೋಡಿಸುವ ಯೋಜನೆಯು ಬಹುಕಾಲದಿಂದ ಚರ್ಚೆಯಲ್ಲಿತ್ತು. ಅದಕ್ಕಾಗಿ ಮೊದಲು ಎಣಿಸಿದ್ದು ದೀರ್ಘ ತರಂಗದ ಮಹಾನಿಲ್ದಾಣಗಳನ್ನೇ. ಮಾರ್ಕೋನಿಯು ಹ್ರಸ್ವ ತರಂಗದ ಕಿರಣಪದ್ಧತಿಯನ್ನು ಮುಂದಿಟ್ಟನು. 1924ರಲ್ಲಿ ಕರಾರಾಯಿತು. ನಿಮಿಷಕ್ಕೆ 100 ಪದಗಳನ್ನು ಎರಡೂ ಕಡೆಯಿಂದ ಏಕಕಾಲದಲ್ಲಿ ಸಾಗಿಸಿ ತೋರಿಸಬೇಕೆಂಬ ಕಠಿಣ ನಿಬಂಧನೆ ಅದರಲ್ಲಿತ್ತು. ಮಾರ್ಕೋನಿಯು ಸಂಸ್ಥೆಯ ಹಣವನ್ನೂ ಮಾನವನ್ನೂ ಪಣವಾಗಿ ಒಡ್ಡಿದನು.

ಫ್ರಾಂಕ್ಲಿನ್ನನು ರಚಿಸಿದ ಆಂಟೆನಾವು ನೋಡಲು ಒಂದು ಮಹಾಯವನಿಕೆಯಂತಿತ್ತು. ಸಾಲಾಗಿ ನಿಂತ ಉಕ್ಕಿನ ಸ್ತಂಭಗಳಿಂದ ನೇರವಾದ ತಂತಿಗಳನ್ನು ಪರದೆಯಂತೆ ಇಳಿಬಿಟ್ಟು, ಅದರ ಹಿಂದೆ ಪ್ರತಿಫಲಕವಾಗಿ ಇನ್ನೊಂದು ತಂತಿಪರದೆಯನ್ನು ಕಟ್ಟಿದರು. ಪ್ರೇಷಕದಿಂದ ಹೊರಟ ವಿದ್ಯುತ್ತು ಎಲ್ಲ ತಂತಿಗಳನ್ನೂ ಒಂದೇ ತಾಳದಲ್ಲಿ ಮುಟ್ಟುವಂತೆ ತಾಮ್ರದ ಕೊಳವೆಗಳ ಉದ್ದವನ್ನು ಸರಿಗೊಳಿಸಿದರು. ಎಲ್ಲ ತಂತಿಗಳ ತರಂಗಗಳೂ ಎದುರಿನ ದಿಕ್ಕಿನಲ್ಲಿ ಕೂಡಿಕೊಂಡು ಬಲಗೊಳ್ಳುತ್ತವೆ. ಪಕ್ಕದ ದಿಕ್ಕುಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಭಜನೆಯ ಮೇಳದಲ್ಲಿ ಎಲ್ಲರೂ ಒಂದೇ ತಾಳಕ್ಕೆ ಹಾಡಿದರೆ ಗೀತವಾಗುತ್ತದೆ, ತಾಳ ತಪ್ಪಿದರೆ ಗದ್ದಲವಾಗುತ್ತದೆಯಷ್ಟೆ.

ಕಿರಣವು ಎಷ್ಟು ಕಿರಿದಾಗಬೇಕೆಂಬುದನ್ನು ನಿರ್ಧರಿಸುವುದು ಆಂಟೆನಾದ ಗಾತ್ರವಲ್ಲ. ತರಂಗದೂರದ ಎಷ್ಟು ಪಾಲು ಆ ಗಾತ್ರವಿದೆಯೆಂಬುದು. 1926ರಲ್ಲಿ ಇಂಗ್ಲೆಂಡಿನ ರಗ್ಬಿಯಲ್ಲಿ ಸರಕಾರವು ಸ್ಥಾಪಿಸಿದ ದೀರ್ಘ ತರಂಗದ ನಿಲ್ದಾಣದಲ್ಲಿ 250 ಮೀಟರು ಎತ್ತರದ 12 ಸ್ತಂಭಗಳಿದ್ದುವು. ಆದರೆ ಅದರ ತರಂಗದೂರವು 18 ಕಿಲೋಮೀಟರಿಗೂ ಹೆಚ್ಚು. ಅಷ್ಟು ಎತ್ತರದ ಸ್ತಂಭವೂ ಅದರ ಎಪ್ಪತ್ತನೆಯ ಒಂದು ಭಾಗವನ್ನು ಮುಟ್ಟದು. ಹೀಗಾಗಿ ನೂರಾರು ಕಿಲೋವ್ಯಾಟ್ ಶಕ್ತಿಯನ್ನು ಸುರಿದರೂ ಅದರಲ್ಲಿ ಬಹಳಷ್ಟು ತಂತಿಯಲ್ಲಿಯೂ ನೆಲದಲ್ಲಿಯೂ ಶಾಖವಾಗಿ ಪೋಲಾಗುತ್ತಿತ್ತು. ಉಳಿದದ್ದು ಎಲ್ಲ ದಿಕ್ಕಿಗೂ ಹಂಚಿಹೋಗುತ್ತಿತ್ತು. ಕಿರಣಪದ್ಧತಿಯಲ್ಲಿ ತರಂಗದೂರವು 16ರಿಂದ 35 ಮೀಟರುಗಳ ಆಸುಪಾಸಿನದು. ತಂತಿಪರದೆಯು ಅದರ ಹಲವು ಪಟ್ಟು ಅಗಲ. ಆದುದರಿಂದ ಸುಮಾರು 20 ಕಿಲೋವ್ಯಾಟ್ ಶಕ್ತಿಯೇ ಭೂಗೋಳದ ಆಚೆಯ ಬದಿಗೆ ಸಾಕಾಯಿತು. ಗ್ರಾಹಕದ ಕಡೆಯೂ ಅದೇ ಬಗೆಯ ಪರದೆಯನ್ನು ಕಟ್ಟಿದುದರಿಂದ ಬೇರೆ ದಿಕ್ಕುಗಳ ಸಿಡಿಲು ಮಿಂಚುಗಳ ಗದ್ದಲವು ಕಿವಿಗೆ ಬೀಳದೆ ಬೇಕಾದ ಸಂಕೇತವು ತಿಳಿಯಾಗಿ ಬಂದಿತು. ಬಯಲಿನಲ್ಲಿ ಉರಿಯುವ ಹಿಲಾಲಿಗೂ ಕೈಯಲ್ಲಿ ಹಿಡಿದ ಟಾರ್ಚಿಗೂ ಇರುವ ಅಂತರವೇ ಇದು.

ಕೆನಡಾದ ಸಂಪರ್ಕವು 1926ರ ಅಕ್ಟೋಬರಿನಲ್ಲಿ, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ ಹಾಗೂ ಭಾರತದ ಸಂಪರ್ಕಗಳು 1927ರಲ್ಲಿ ಆರಂಭವಾದುವು. ಭಾರತದಲ್ಲಿ ಪ್ರೇಷಕವು ಪುಣೆಯ ಬಳಿಯ ಖಡಕಿಯಲ್ಲಿ, ಗ್ರಾಹಕವು ದೌಂಡ್‌ನಲ್ಲಿ ಸ್ಥಾಪಿತವಾದುವು. ಕಲಬುರ್ಗಿ, ಸೊಲ್ಲಾಪುರಗಳ ಮಾರ್ಗವಾಗಿ ಪುಣೆಗೆ ರೈಲಿನಲ್ಲಿ ಹೋಗುವ ನಮ್ಮವರು ದೌಂಡ್ ಜಂಕ್ಷನ್ನನ್ನು ಬಲ್ಲರು. ಇಂಗ್ಲೆಂಡಿನಿಂದ ಹೊರಟ ವಾರ್ತಾಕಿರಣವು ಅಂದು ಬಂದಿಳಿಯುತ್ತಿದ್ದ ಸ್ಥಳವು ಅದೇ. ಕಿರಣಪದ್ಧತಿಯ ವೇಗಕ್ಕೂ ಅಗ್ಗದ ದರಕ್ಕೂ ಎದುರು ನಿಲ್ಲಲಾರದೆ ಸಮುದ್ರದಡಿಯ ಕೇಬಲ್ ಸಂಸ್ಥೆಗಳು ತತ್ತರಿಸಿದುವು. 1929ರಲ್ಲಿ ಎರಡೂ ಬಗೆಯ ಸಂಸ್ಥೆಗಳನ್ನು ಒಂದುಗೂಡಿಸಬೇಕಾಯಿತು. ಆ ಒಕ್ಕೂಟವೇ 1934ರಲ್ಲಿ ಕೇಬಲ್ ಅಂಡ್ ವೈರ್‌ಲೆಸ್ ಎಂಬ ಹೆಸರನ್ನು ತಳೆಯಿತು. ಆದರೂ ದೀರ್ಘ ತರಂಗವು ಸೋತುಹೋಯಿತೆಂದು ಭಾವಿಸಬಾರದು. ಹ್ರಸ್ವ ತರಂಗವು ಸೂರ್ಯನ ಗತಿಯನ್ನು ಅವಲಂಬಿಸಿ ಏರಿಳಿಯುವಂಥದು. ದೀರ್ಘ ತರಂಗವು ನಿಧಾನವಾದರೂ ಸ್ಥಿರ. ಸಮುದ್ರದ ನೀರೊಳಗಿರುವ ಜಲಾಂತರ್ಗಾಮಿಗಳಿಗೆ ಇಂದಿಗೂ ಅದೇ ಗತಿ. ಯಾವ ಕಾರ್ಯಕ್ಕೆ ಯಾವ ಆಂಟೆನಾ ಯೋಗ್ಯವೆಂಬ ವಿವೇಕವೇ ಈ ವಿದ್ಯೆಯ ಸಾರ.

ಕಡೆಯ ದಿನಗಳು

ಹ್ರಸ್ವ ತರಂಗದಲ್ಲಿಯೂ ಮಾರ್ಕೋನಿಯು ನಿಲ್ಲಲಿಲ್ಲ. 1932ರಲ್ಲಿ 57 ಸೆಂಟಿಮೀಟರಿನ ತರಂಗಗಳನ್ನು ರೋಮಿನ ಸಮೀಪದಿಂದ ಸಾರ್ಡೀನಿಯಾ ದ್ವೀಪಕ್ಕೆ, ಕಣ್ಣಿಗೆ ಕಾಣುವ ದಿಗಂತದ ಆಚೆಗೆ, ಸುಮಾರು 270 ಕಿಲೋಮೀಟರು ದೂರ ತಲುಪಿಸಿದನು. 1933ರಲ್ಲಿ ವ್ಯಾಟಿಕನ್ನಿಗೂ ಪೋಪರ ಬೇಸಗೆಯ ಅರಮನೆಗೂ ಅಂತಹ ತರಂಗಗಳಿಂದಲೇ ದೂರವಾಣಿಯನ್ನು ಜೋಡಿಸಿದನು.

ಚರಿತ್ರಕಾರನು ಗುಣವನ್ನು ಹೇಳಿ ದೋಷವನ್ನು ಮುಚ್ಚಿಡಬಾರದು. 1923ರಲ್ಲಿ ಮಾರ್ಕೋನಿಯು ಮುಸೊಲಿನಿಯ ಫ್ಯಾಸಿಸ್ಟ್ ಪಕ್ಷವನ್ನು ಸೇರಿದನು. ಇಟಲಿಯ ರಾಯಲ್ ಅಕಾಡೆಮಿಯ ಅಧ್ಯಕ್ಷಪದವಿಯನ್ನು ಪಡೆದನು. 1935ರಲ್ಲಿ ಇಟಲಿಯು ಇಥಿಯೋಪಿಯದ ಮೇಲೆ ನಡೆಸಿದ ಅನ್ಯಾಯದ ದಂಡಯಾತ್ರೆಯನ್ನು ಸಮರ್ಥಿಸಿದನು. ಆಂಟೆನಾದ ವಿಷಯದಲ್ಲಿ ತನ್ನ ಮತವನ್ನು ತಿದ್ದಿಕೊಂಡ ವಿವೇಕವು ರಾಜಕಾರಣದಲ್ಲಿ ಆತನಿಗೆ ಒದಗಲಿಲ್ಲ. 1937ರ ಜುಲೈ 20ರಂದು ರೋಮಿನಲ್ಲಿ ಆತನು ಹೃದಯಾಘಾತದಿಂದ ಮೃತನಾದನು. ಮರುದಿನ ಅನೇಕ ದೇಶಗಳ ರೇಡಿಯೋ ನಿಲ್ದಾಣಗಳು ಎರಡು ನಿಮಿಷ ಮೌನವನ್ನು ತಳೆದುವು. ಆತನ ಸಮಾಧಿಯು ಮೊದಲ ಏರಿಯಲ್ ಎದ್ದ ವಿಲ್ಲಾ ಗ್ರಿಫೋನೆಯ ಆವರಣದಲ್ಲಿಯೇ ಇದೆ. 1943ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಶ್ರುತಿಗೂಡಿಕೆಯ ಕುರಿತಾದ ಆತನ ಅಮೆರಿಕದ ಪೇಟೆಂಟಿನ ಮುಖ್ಯಾಂಶಗಳನ್ನು, ಲಾಡ್ಜ್, ಟೆಸ್ಲಾ, ಸ್ಟೋನ್ ಎಂಬವರು ಮೊದಲೇ ತಿಳಿದಿದ್ದರೆಂಬ ಕಾರಣದಿಂದ ತಳ್ಳಿಹಾಕಿತು.

ಉಪಸಂಹಾರ

ಇಂದಿನ ಮೊಬೈಲ್ ಗೋಪುರವನ್ನು ಮತ್ತೆ ನೋಡೋಣ. ಸಾಮಾನ್ಯವಾಗಿ ಅದರ ಮೇಲೆ ಮೂರು ದಿಕ್ಕಿಗೆ ಮೂರು ಪೆಟ್ಟಿಗೆಗಳಿದ್ದು, ಒಂದೊಂದೂ ವೃತ್ತದ ಮೂರನೆಯ ಒಂದು ಭಾಗವನ್ನು ನೋಡಿಕೊಳ್ಳುತ್ತದೆ. ಒಳಗೆ ಫ್ರಾಂಕ್ಲಿನ್ನನ ಪರದೆಯಂತೆಯೇ ಪುಟ್ಟ ಪುಟ್ಟ ಆಂಟೆನಾಗಳ ಸಾಲಿದೆ. ಪೆಟ್ಟಿಗೆಯನ್ನು ತುಸು ಕೆಳಕ್ಕೆ ಬಾಗಿಸಿದರೆ ತರಂಗವು ತನ್ನ ಎಲ್ಲೆಯೊಳಗೇ ಉಳಿದು ಪಕ್ಕದ ಗೋಪುರಕ್ಕೆ ತೊಂದರೆ ಕೊಡದು. ಹೀಗಾಗಿ ಒಂದೇ ತರಂಗಶ್ರೇಣಿಯನ್ನು ಊರೂರಿನಲ್ಲಿಯೂ ಮರಳಿ ಬಳಸಬಹುದು. ಐದನೆಯ ತಲೆಮಾರಿನ ಜಾಲದಲ್ಲಿ ಹತ್ತಾರು ಆಂಟೆನಾಗಳ ತಾಳವನ್ನು ಕ್ಷಣಕ್ಷಣಕ್ಕೂ ಬದಲಿಸಿ, ಸ್ತಂಭವನ್ನು ಅಲುಗಿಸದೆಯೇ ಕಿರಣವನ್ನು ಬಳಕೆದಾರನಿದ್ದ ಕಡೆಗೆ ತಿರುಗಿಸುತ್ತಾರೆ. ಬೋಸರು ಕಲ್ಕತ್ತೆಯಲ್ಲಿ ಹುಟ್ಟಿಸಿದ ಮಿಲಿಮೀಟರು ತರಂಗಗಳೂ ಈಗ ಈ ಸೇವೆಗೆ ಬಂದಿವೆ.

ಒಂದು ವಿದ್ಯಾಸಂಸ್ಥೆಯ ಸ್ಮರಣಸಂಚಿಕೆಯಲ್ಲಿ ಈ ಚರಿತ್ರೆಗೆ ಎಡೆಯಿರುವುದು ಉಚಿತವೇ. ಗೋಪುರವನ್ನು ಎತ್ತರಿಸುವುದೂ ಶಕ್ತಿಯನ್ನು ಹೆಚ್ಚಿಸುವುದೂ ಹಣವಿದ್ದವರಿಗೆ ಅಸಾಧ್ಯವಲ್ಲ. ಇರುವ ಅಲ್ಪಶಕ್ತಿಯನ್ನೇ ಒಂದು ಲಕ್ಷ್ಯಕ್ಕೆ ತಿರುಗಿಸಿ, ಎಲ್ಲ ತಂತಿಗಳನ್ನೂ ಒಂದೇ ತಾಳದಲ್ಲಿ ನಡೆಸುವುದು ಕಷ್ಟದ ಕೆಲಸ. ಫಲವು ಅದರಲ್ಲಿಯೇ ಅಧಿಕ. ದಾನಿಗಳು ಕೊಟ್ಟ ಧನಕ್ಕೂ ಗುರುಗಳು ಧಾರೆಯೆರೆದ ವಿದ್ಯೆಗೂ ಈ ಮಾತು ಸಲ್ಲುತ್ತದೆ. ಪದವಿಯಿಲ್ಲದ ಒಬ್ಬ ತರುಣನು ತೋಟದ ಮನೆಯಲ್ಲಿ ಎತ್ತಿ ನಿಲ್ಲಿಸಿದ ತಂತಿಯನ್ನೂ, ಐವತ್ತರ ಹೊಸ್ತಿಲಲ್ಲಿ ಅವನೇ ತನ್ನ ದಾರಿಯನ್ನು ತಿದ್ದಿಕೊಂಡ ಪರಿಯನ್ನೂ ನಮ್ಮ ವಿದ್ಯಾರ್ಥಿಗಳು ಕೂಡಿಯೇ ನೆನೆಯಲಿ.